ಫಲಕದ ಮೂಲೆಯಲ್ಲಿದ್ದ ಹೆಸರು

ಹೊಸ ಬಸ್ ನಿಲ್ದಾಣದ ಬೆಂಚು ಕಳೆದ ಸೋಮವಾರ ನನ್ನನ್ನು ಹಿಡಿದುಕೊಂಡಿತು. ಹಸಿರು ಬಣ್ಣ ಬಳಿದು ಗಂಟೆಯೂ ಆಗಿರಲಿಲ್ಲವೇನೋ. ‘ಬಣ್ಣ ಹಸಿ ಇದೆ’ ಎಂಬ ಚೀಟಿ ಎಲ್ಲೂ ಇರಲಿಲ್ಲ. ಏಳು ವರ್ಷ ಕಟ್ಟಿದ ನಿಲ್ದಾಣ ಅದು. ಉದ್ಘಾಟನೆಯಾಗಿ ತಿಂಗಳು ಕಳೆದ ಮೇಲೆ ಬೆಂಚಿಗೆ ಬಣ್ಣ ಬಂದಿದೆ. ಇಷ್ಟು ದಿನ ಬಿಸಿಲಿಗೆ ಬೆನ್ನು ಕೊಟ್ಟು ಬಸ್ಸು ಕಾದು ರೂಢಿಯಾಗಿದ್ದ ನಾನು, ನೆರಳು ಕಂಡದ್ದೇ ತಡ, ಕುಳಿತುಬಿಟ್ಟೆ.

“ಏಳಬ್ಯಾಡ್ರಿ ಅಕ್ಕೋರ, ಎದ್ರ ಕಾಣ್ತೈತಿ,” ಎಂದಳು ಹನುಮಕ್ಕ. ಸಿರಿಗೇರಿಯಿಂದ ಮೊದಲ ಬಸ್ಸಿಗೆ ಸೊಪ್ಪು ತಂದು ಬಳ್ಳಾರಿಯಲ್ಲಿ ಮಾರಿ, ನಾನು ಕುರುಗೋಡಿನ ಶಾಲೆಗೆ ಹೊರಡುವ ಹೊತ್ತಿಗೆ ಖಾಲಿ ಬುಟ್ಟಿ ಹಿಡಿದು ಊರಿಗೆ ಮರಳುವವಳು. “ಸೀರಿ ಹಿಂದ ಪೂರಾ ಪಟ್ಟಿ ಪಟ್ಟಿ ಆಗೈತಿ.”

“ಹಿಂಗ ಕುಂತ್ರ ಬಸ್ಸು ಹೋಗ್ತೈತಲ್ಲ ಬೇ.”

“ಹೋಗಾಕ ಮೊದ್ಲು ಬರಬೇಕಲ್ರಿ ಅದು.”

ಅಷ್ಟರಲ್ಲಿ ವಾಸನೆ ಮೂಗಿಗೆ ಹೊಡೆಯಿತು. ಎನಾಮಲ್ ಬಣ್ಣ ಮತ್ತು ಟರ್ಪೆಂಟೈನ್. ವಾಸನೆ ಹಳೆಯ ನೆನಪನ್ನು ಎಬ್ಬಿಸುತ್ತದೆ ಎಂದು ಬರೆಯುವವರೆಲ್ಲ ಬರೆದಿದ್ದಾರೆ, ನೀವೂ ಓದಿರುತ್ತೀರಿ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ವಾಸನೆ ಎಬ್ಬಿಸುವುದು ನಡೆದದ್ದನ್ನಲ್ಲ, ನಾವು ಹತ್ತಾರು ಸಲ ಹೇಳಿ ಹೇಳಿ ನುಣುಪು ಮಾಡಿಟ್ಟುಕೊಂಡ ಕಥೆಯನ್ನು. ಈ ನಿಲ್ದಾಣದ ಕಥೆಯನ್ನು ನಾನು ನಮ್ಮ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಎಲ್ಲರೂ ನಕ್ಕಿದ್ದಾರೆ. ಎಲ್ಲರೂ ನಗುವ ಕಥೆಯಲ್ಲಿ ಏನೋ ಒಂದು ಮಾತು ತಪ್ಪಿಹೋಗಿರುತ್ತದೆ. ಆ ಮಾತು ಯಾವುದೆಂದು ನನಗೆ ಗೊತ್ತಿತ್ತು. ಇವತ್ತು ಅದನ್ನೂ ಸೇರಿಸಿ ಹೇಳಬೇಕೆಂದಿದ್ದೇನೆ, ನಗು ಕಡಿಮೆಯಾದರೆ ಆಗಲಿ.

ಕುರುಗೋಡು, ಸಿರಿಗೇರಿ, ಸಿರುಗುಪ್ಪ ಕಡೆಯ ಬಸ್ಸುಗಳಿಗೆಂದೇ ಬಳ್ಳಾರಿಯ ಅಂಚಿನಲ್ಲಿ ಒಂದು ಪ್ರತ್ಯೇಕ ನಿಲ್ದಾಣ ಎಂದಾಗ ನಾವೆಲ್ಲ ಸಂತೋಷಪಟ್ಟೆವು. ಮೊದಲು ಎದ್ದದ್ದು ಫಲಕ. ನೀಲಿ ತಗಡು, ಬಿಳಿ ಅಕ್ಷರ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರು, ಉಸ್ತುವಾರಿ, ಮುಗಿಯುವ ದಿನಾಂಕ, ದೂರಿಗೆ ಸಂಪರ್ಕಿಸಿ. ಇಡೀ ಕಾಮಗಾರಿಯಲ್ಲಿ ಹೇಳಿದ ದಿನಕ್ಕೆ ಮುಗಿದದ್ದು ಆ ಫಲಕವೊಂದೇ ಇರಬೇಕು. ಗುತ್ತಿಗೆದಾರರ ಹೆಸರು ಎರಡನೆಯ ವರ್ಷ ಬದಲಾಯಿತು, ಮೂರನೆಯ ವರ್ಷ ಅಲ್ಲಿ ಬರೀ ನೀಲಿ ಉಳಿಯಿತು. ಉಸ್ತುವಾರಿಯ ಹೆಸರುಗಳು ವರ್ಗವಾಗಿ ವರ್ಗವಾಗಿ, ಕೊನೆಗೆ ಹುದ್ದೆ ಮಾತ್ರ ನಿಂತಿತು. ‘ದೂರಿಗೆ ಸಂಪರ್ಕಿಸಿ’ ಎಂಬುದರ ಮುಂದೆ ಎರಡು ಚುಕ್ಕಿ ಇಟ್ಟು ಬಿಟ್ಟಿದ್ದರು. ಆ ಚುಕ್ಕಿಗಳ ಮುಂದೆ ಏನೂ ಬರಲೇ ಇಲ್ಲ.

ಕಂಬಗಳು ಎದ್ದವು. ಎದ್ದ ಮೇಲೆ, ಒಳಗೆ ಬಂದ ಬಸ್ಸು ತಿರುಗುವುದಕ್ಕೆ ಜಾಗವಿಲ್ಲ ಎಂಬುದು ತಿಳಿಯಿತು. ತಿಳಿದದ್ದು ಯಾರಿಗೆ ಅಂತೀರಿ? ಚಾಲಕನೊಬ್ಬನಿಗೆ. ಸುಮ್ಮನೆ ನೋಡೋಣವೆಂದು ಬಸ್ಸು ಒಳಗೆ ತಂದವನು ಮುಂದೆ ಹೋಗಲಾರದೆ, ಹಿಂದೆ ಬರಲಾರದೆ ಮಧ್ಯಾಹ್ನದವರೆಗೆ ಅಲ್ಲೇ ಇದ್ದ. ಒಂದು ಸಾಲು ಕಂಬ ಒಡೆದರು. ಕಟ್ಟಿದ್ದಕ್ಕೆ ಒಂದು ಬಿಲ್ಲು, ಒಡೆದದ್ದಕ್ಕೆ ಇನ್ನೊಂದು. ಫಲಕದ ಮೇಲೆ ಅಂದಾಜು ಮೊತ್ತಕ್ಕೆ ಬಿಟ್ಟಿದ್ದ ಜಾಗ ಸಾಲದೆ ಅಂಕಿಗಳು ಒಂದಕ್ಕೊಂದು ಆತುಕೊಂಡು ನಿಂತವು. ಆಮೇಲೆ ಅವಕ್ಕೂ ಜಾಗವಾಗದೆ ಫಲಕದ ಬಲಕ್ಕೆ ಗೇಣುದ್ದದ ತಗಡಿನ ಪಟ್ಟಿಯೊಂದನ್ನು ಜೋಡಿಸಿ ಬೆಸುಗೆ ಹಾಕಿದರು. ನಿಲ್ದಾಣ ಬೆಳೆಯದಿದ್ದರೂ ಫಲಕ ಬೆಳೆಯಿತು.

ಇದನ್ನೆಲ್ಲ ಬರೆದದ್ದು ಒಂದೇ ಕೈ. ಕೌಲ್ ಬಜಾರಿನ ಪೇಂಟರ್ ಗಾದಿಲಿಂಗಪ್ಪ. ಫಲಕದ ಕೆಳಗಿನ ಮೂಲೆಯಲ್ಲಿ, ಈ ಕಸುಬಿನವರೆಲ್ಲ ಮಾಡುವ ಹಾಗೆ, ಹಳದಿ ಬಣ್ಣದಲ್ಲಿ ತನ್ನ ಅಂಗಡಿಯ ಹೆಸರು ಬರೆದಿದ್ದ: ಲಿಂಗು ಆರ್ಟ್ಸ್, ಕೌಲ್ ಬಜಾರ್. ಅದರ ಕೆಳಗೆ ಫೋನ್ ನಂಬರು.

ನೀವೇ ಯೋಚಿಸಿ. ಬಿಸಿಲಲ್ಲಿ ನಿಂತು ಬಸ್ಸು ಕಾಯುವವರಿಗೆ ಓದುವುದಕ್ಕೆ ಆ ಫಲಕ ಬಿಟ್ಟರೆ ಬೇರೆ ಏನಿದೆ? ಅದರಲ್ಲಿ ಮನುಷ್ಯರ ಹೆಸರು ಎಂದು ಉಳಿದದ್ದು ಒಂದೇ, ನಂಬರೂ ಒಂದೇ. ಜನ ಅದಕ್ಕೇ ಫೋನ್ ಮಾಡತೊಡಗಿದರು. ನಾನೂ ಮಾಡಿದೆ. ನಾಲ್ಕನೆಯ ವರ್ಷದ ಬೇಸಿಗೆಯ ಒಂದು ದಿನ, ತಲೆ ಸುಡುತ್ತಿದ್ದಾಗ, ಸಿಟ್ಟಿನಿಂದ.

“ಬಸ್‌ಸ್ಟ್ಯಾಂಡ್ ಯಾವಾಗ ಮುಗಸ್ತೀರಿ?” ಎಂದೆ.

“ನಾ ಬರಿಯಾವ ಅಷ್ಟ್ರಿ, ಕಟ್ಟಾವ ಅಲ್ಲ,” ಎಂದಿತು ಆ ಕಡೆಯ ದನಿ. “ಆದ್ರ ಹೇಳ್ತೀನಿ ಕೇಳ್ರಿ. ನಿನ್ನಿ ಹೋಗಿ ನೋಡೀನಿ. ಸಿಮೆಂಟ್ ಬಂದಿಲ್ಲ. ಮೂರು ಮಂದಿ ಕೆಲಸದಾವ್ರು, ಅದ್ರಾಗ ಇಬ್ರು ಮಲಗಿದ್ರು. ದೀಪಾವಳಿಗೆ ಅಂತ ಬರ್ಸ್ಯಾರ. ನೀವು ದೀಪಾವಳಿ ನಂಬಬ್ಯಾಡ್ರಿ,” ಎಂದ.

ಎಲ್ಲರೂ ಕೇಳುತ್ತಾರೆ, ಏನಾದರೂ ಹೇಳಬೇಕಲ್ಲ ಎಂದು ಆತ ದಿನಾ ಸಂಜೆ ಅಂಗಡಿ ಮುಚ್ಚಿ ಸೈಕಲ್ ಮೇಲೆ ಹೋಗಿ ನೋಡಿ ಬರುತ್ತಿದ್ದನಂತೆ. ಇದು ಗೊತ್ತಾದ ಮೇಲೆ ನಾನು ಕೌಲ್ ಬಜಾರಿನ ಆತನ ಅಂಗಡಿಗೆ ಹೋದೆ. ಗ್ಯಾರೇಜಿಗೂ ಸೈಕಲ್ ಅಂಗಡಿಗೂ ನಡುವೆ ಒಂದು ಓಣಿಯಷ್ಟು ಜಾಗ. ಆತನ ವಯಸ್ಸು ಐವತ್ತರ ಮೇಲೆ, ಕಿವಿಯ ಹಿಂದೆ ಬೀಡಿ ಇರಬೇಕಾದಲ್ಲಿ ಕುಂಚ. ಅಂಗಡಿಗಳ ಹೆಸರೆಲ್ಲ ಫ್ಲೆಕ್ಸಿಗೆ ಹೋದ ಮೇಲೆ ಆತನಿಗೆ ಉಳಿದಿದ್ದದ್ದು ಸರ್ಕಾರಿ ಫಲಕಗಳು. ಅವನ್ನು ಬರೆಯುವವರದೊಂದು ಪಟ್ಟಿ ಇದೆ, ಅದರಲ್ಲಿ ಆತನ ಹೆಸರಿತ್ತು. ಮನೆ ನಡೆಯುತ್ತಿದ್ದದ್ದು ಅದರಿಂದ.

ಕೊಕ್ಕೆಗೆ ತೂಗುಹಾಕಿದ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಚೀಟಿಗಳಿದ್ದವು. ಏನು ಬರೆಯಬೇಕೋ ಅದನ್ನು ಈ ಕಸುಬಿನಲ್ಲಿ ‘ಮ್ಯಾಟರ್’ ಅನ್ನುತ್ತಾರೆ. ಬರೆಸುವವರು ಮ್ಯಾಟರನ್ನು ಕಾಗದದ ಮೇಲೆ ಬರೆದು ಕೆಳಗೆ ಸಹಿ ಹಾಕಿ ಕೊಡಬೇಕು. ಸಹಿಯಿಲ್ಲದೆ ಲಿಂಗಪ್ಪ ಕುಂಚ ಅದ್ದುತ್ತಿರಲಿಲ್ಲ.

“ಹಿಂದಕ ಒಬ್ರು ಮದುವಿ ಬೋರ್ಡ್ ಬರ್ಸಿ, ಹುಡುಗಿ ಹೆಸ್ರು ತಪ್ಪೈತಿ ಅಂತ ಮಂಟಪದಾಗ ನನ್ನ ಅಂಗಿ ಹಿಡದ್ರು. ಹೇಳ್ದಾವ್ರು ಅವ್ರ, ಹಿಡದಾವ್ರೂ ಅವ್ರ. ಅವತ್ತಿಂದ ಚೀಟಿ ಇಲ್ದ ಚುಕ್ಕಿ ಇಡಂಗಿಲ್ರಿ ನಾನು.”

ನಿಲ್ದಾಣದ ಚೀಟಿಗಳೂ ಅದರಲ್ಲೇ ಇದ್ದವು. ಪ್ರತಿ ಸಲ ದಿನಾಂಕ ಮುಂದೆ ಹೋದಾಗಲೂ, ಮೊತ್ತ ಏರಿದಾಗಲೂ ಯಾರೋ ಒಬ್ಬರು ಬರೆದು ಸಹಿ ಹಾಕಿದ್ದರು. ಸಿಗರೇಟ್ ಪ್ಯಾಕಿನ ಹಿಂಭಾಗ, ಸಿಮೆಂಟ್ ಚೀಲದ ತುಂಡು, ಒಂದಂತೂ ಮಿರ್ಚಿ ಕಟ್ಟಿಕೊಟ್ಟಿದ್ದ ಎಣ್ಣೆಗಾಗದ. ಹೆಸರು, ಹುದ್ದೆ, ದಿನ. ಏಳು ವರ್ಷ ಎಳೆದ ಈ ಕೆಲಸದಲ್ಲಿ ‘ಹೌದು, ನಾನು ಹೇಳಿದೆ’ ಎಂದು ಒಪ್ಪಿಕೊಂಡ ದಾಖಲೆ ಇದ್ದದ್ದು ಆ ಕೊಕ್ಕೆಯಲ್ಲಿ ಮಾತ್ರ.

ಇಲ್ಲಿಂದ ಮುಂದಿನದು ನನ್ನ ಘನಕಾರ್ಯ. ನಾನು ಅರ್ಜಿ ಬರೆಯುವುದರಲ್ಲಿ ನಿಪುಣೆ ಎಂದು ನಮ್ಮ ಶಾಲೆಯಲ್ಲಿ ಹೆಸರಿದೆ, ಆ ಹೆಸರನ್ನು ಇಟ್ಟದ್ದೂ ಬಹುಶಃ ನಾನೇ. ವಿಳಂಬಕ್ಕೆ ಯಾರು ಹೊಣೆ, ಹೆಚ್ಚಿದ ಖರ್ಚಿಗೆ ಯಾರು ಹೊಣೆ, ಹೆಸರು ಸಹಿತ ತಿಳಿಸಿ ಎಂದು ಕಾಮಗಾರಿಯ ಕಚೇರಿಗೆ ಮೂರು ಪುಟ ಬರೆದೆ. ಸಾಕ್ಷಿಗೆ ಫಲಕದ ಫೋಟೊ ಲಗತ್ತಿಸಿದೆ. ಅಕ್ಷರಗಳು ಚೆನ್ನಾಗಿ ಕಾಣಲೆಂದು ಬಿಸಿಲು ನೇರವಾಗಿ ಬೀಳುವ ಹೊತ್ತು ನೋಡಿ ತೆಗೆದದ್ದು.

ಎರಡು ತಿಂಗಳ ಮೇಲೆ ಲಿಂಗಪ್ಪನಿಂದ ಫೋನ್. “ಅಕ್ಕೋರ, ನನಗ ನೋಟಿಸ್ ಬಂದೈತ್ರಿ.”

ಕಚೇರಿಯವರು ಹೊಣೆಗಾರರನ್ನು ಹುಡುಕಿದ್ದಾರೆ. ಕಡತದಲ್ಲಿ ಹುಡುಕಿದ್ದಾರೆ, ಒಬ್ಬರು ನಿವೃತ್ತರು, ಒಬ್ಬರು ವರ್ಗ, ಗುತ್ತಿಗೆಯ ಕಂಪನಿ ಹೆಸರು ಬದಲಿಸಿಕೊಂಡಿದೆ. ಕೊನೆಗೆ ನನ್ನ ಫೋಟೊ ನೋಡಿದ್ದಾರೆ. ಅದರಲ್ಲಿ ಹೆಸರು, ವಿಳಾಸ, ಫೋನ್ ನಂಬರು ಮೂರೂ ಸ್ಪಷ್ಟವಾಗಿ ಸಿಕ್ಕಿವೆ. ಲಿಖಿತ ಆದೇಶವಿಲ್ಲದೆ ಸಾರ್ವಜನಿಕ ಫಲಕದ ದಿನಾಂಕವನ್ನು ಪದೇ ಪದೇ ತಿದ್ದಿದ್ದೇಕೆ, ನಿಮ್ಮನ್ನು ಪಟ್ಟಿಯಿಂದ ಏಕೆ ತೆಗೆಯಬಾರದು ಎಂದು ಕೇಳಿದ್ದಾರೆ.

ವಿಚಾರಣೆಗೆ ನಾನೂ ಹೋದೆ. ನನ್ನಿಂದಲೇ ಬಂದ ಕಷ್ಟ. ಮೇಲಾಗಿ ನೋಡುವ ಆಸೆ. ಮೇಜಿನ ಆಚೆ ಕುಳಿತ ಅಧಿಕಾರಿ ಫೋಟೊವನ್ನು ಪೆನ್ನಿನ ತುದಿಯಿಂದ ಮುಟ್ಟಿ ಮುಟ್ಟಿ ಕೇಳಿದರು.

“ಈ ದಿನಾಂಕ ಯಾರು ಬರದದ್ದು?”

“ನಾನ್ರಿ.”

“ಇದರ ಹಿಂದಿಂದು?”

“ಅದೂ ನಾನ್ರಿ.”

“ಅಂದ್ರೆ ನಾಲ್ಕೂ ಸಲ ಮುಂದಕ್ಕೆ ಹಾಕಿದ್ದು ನೀನೇ.”

“ಮುಂದಕ ಹೋಗಿದ್ದನ್ನ ಬರ್ದೀನ್ರಿ ಸಾಹೇಬ್ರ. ನಾ ಬರೀದಿದ್ರೂ ಅದು ಹೋಗ್ತಿತ್ತು.”

“ಯಾರ ಆದೇಶದ ಮೇಲೆ?”

ಲಿಂಗಪ್ಪ ಚೀಲ ಬಿಚ್ಚಿ ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ, ಇಸ್ಪೀಟೆಲೆ ಜೋಡಿಸಿದಂತೆ ಜೋಡಿಸಿದ. ಕೊನೆಯದಾಗಿ ಎಣ್ಣೆಗಾಗದ.

ಈ ಜಾಗದಲ್ಲಿ ಸ್ಟಾಫ್ ರೂಮಿನವರಿಗೆ ನಾನು ಹೇಳುತ್ತಿದ್ದದ್ದು ಹೀಗೆ: ಅಧಿಕಾರಿ ಎಣ್ಣೆಗಾಗದ ಎತ್ತಿ ನೋಡಿದರು, ಅದರಲ್ಲಿದ್ದದ್ದು ಅವರದೇ ಸಹಿ! ಎಲ್ಲರೂ ಟೇಬಲ್ ಕುಟ್ಟಿ ನಗುತ್ತಿದ್ದರು. ಅದು ಸುಳ್ಳು. ಯಾರ ಸಹಿಯೋ ನಾನು ನೋಡಲಿಲ್ಲ. ಅವರ ಮುಖ ಬಾಡಿತೇ? ಬಾಡಿತೆಂದು ನೆನಪು, ಆದರೆ ಬಾಡಬೇಕೆಂದು ನಾನು ಎಷ್ಟು ಬಯಸಿದ್ದೆನೆಂದರೆ ಆ ನೆನಪನ್ನು ನಾನು ಸಾಕ್ಷಿಗೆ ಕರೆಯಲಾರೆ.

ನಿಜವಾಗಿ ನಡೆದದ್ದು ಚಿಕ್ಕದು. ಅವರು ಬಹಳ ಮೆತ್ತಗೆ, “ಒಳ್ಳೇದಾಯ್ತು, ಇವನ್ನ ಕಡತಕ್ಕೆ ಸೇರಿಸ್ತೀವಿ, ಕೊಟ್ಟು ಹೋಗು,” ಎಂದರು.

ಲಿಂಗಪ್ಪ ಚೀಟಿಗಳ ಮೇಲೆ ಕೈ ಇಟ್ಟ. “ಇವು ಅಸಲು ಅದಾವ್ರಿ. ನನ್ನ ಹತ್ರ ಮತ್ತ ಇಲ್ಲ.” ಆಮೇಲೆ ನನ್ನ ಕಡೆ ನೋಡಿದ.

ನಾನು ಹೇಳಿದೆ: “ಕೊಡ್ರಿ ಲಿಂಗಪ್ಪಾರ. ಕಡತಕ್ಕ ಸೇರಿದ್ರನ ಅದಕ್ಕ ಬೆಲಿ. ಎಂಟು ದಿನದಾಗ ವಾಪಸ್ ಬರ್ತಾವ, ನಾ ಅದೀನಲ್ಲ.”

ಆತ ಕೈ ತೆಗೆದ. ಸ್ವೀಕೃತಿ ಕೇಳಿದ್ದಕ್ಕೆ, ಬರೆಯುವ ಗುಮಾಸ್ತರು ಊಟಕ್ಕೆ ಹೋಗಿದ್ದಾರೆ ಎಂದರು. ಝೆರಾಕ್ಸ್ ಯಾಕೆ ಮಾಡಿಸಲಿಲ್ಲ ಎಂದು ಆಮೇಲೆ ಕೇಳಿದವರಿಗೆಲ್ಲ ಅವತ್ತು ಕರೆಂಟ್ ಇರಲಿಲ್ಲ ಎಂದು ಹೇಳುತ್ತ ಬಂದೆ. ಹೇಳಿ ಹೇಳಿ ನನಗೇ ಅದು ಕಣ್ಣಿಗೆ ಕಟ್ಟಿತ್ತು, ಕತ್ತಲೆ ಕೋಣೆ, ನಿಂತ ಯಂತ್ರ. ಆದರೆ ಚೀಟಿಗಳು ಹಾರದಂತೆ ಅಧಿಕಾರಿ ಅವುಗಳ ಮೇಲೆ ಗಾಜಿನ ಗುಂಡು ಇಟ್ಟದ್ದೂ ನೆನಪಿದೆ. ಯಾಕೆ ಹಾರುತ್ತಿದ್ದವು? ಫ್ಯಾನು ತಿರುಗುತ್ತಿತ್ತು. ಕರೆಂಟ್ ಇತ್ತು. ನನ್ನ ಚೀಲದಲ್ಲಿ ಫೋನೂ ಇತ್ತು. ಫಲಕದ ಫೋಟೊ ತೆಗೆದ ಅದೇ ಫೋನ್. ದೊಡ್ಡವರ ಎದುರಿಗೆ ಅವರನ್ನು ನಂಬದವಳ ಹಾಗೆ ಫೋಟೊ ತೆಗೆಯುವುದು ಸಭ್ಯತೆಯಲ್ಲ ಎನ್ನಿಸಿತು. ಮೂರು ಪುಟ ಅಪನಂಬಿಕೆ ಬರೆದ ಹೆಣ್ಣುಮಗಳು ನಾನು. ಎದುರಿಗೆ ಕುರ್ಚಿ ಕೊಟ್ಟು ಕೂಡಿಸಿದ ಕೂಡಲೇ ಕರಗಿಹೋದೆ.

ಆದೇಶ ಬಂತು. ವಿಳಂಬವು ಅನಿವಾರ್ಯ ಕಾರಣಗಳಿಂದ ಆದದ್ದು, ಯಾರೊಬ್ಬರನ್ನೂ ಹೊಣೆ ಮಾಡಲು ಬರುವುದಿಲ್ಲ. ಹೆಚ್ಚಿದ ಖರ್ಚೂ ಅದೇ ಕಾರಣಗಳಿಂದ. ಪೇಂಟರು ಲಿಖಿತ ಆದೇಶಗಳನ್ನು ಹಾಜರುಪಡಿಸಿರುವುದಿಲ್ಲ. ಆದ್ದರಿಂದ ಅವರನ್ನು ಪಟ್ಟಿಯಿಂದ ತೆಗೆಯಲಾಗಿದೆ. ಫಲಕದಲ್ಲಿರುವ ಖಾಸಗಿ ಹೆಸರನ್ನು ಅಳಿಸತಕ್ಕದ್ದು.

ಅಳಿಸುವುದಕ್ಕೂ ಅವನನ್ನೇ ಕರೆದರು, ಅದೇ ನೀಲಿ ಬೇರೆ ಯಾರ ಹತ್ತಿರವೂ ಇರಲಿಲ್ಲವಂತೆ. “ಮ್ಯಾಟರ್ ಚೀಟಿ ಕೊಡ್ರಿ ಅಂದ್ನಿ,” ಎಂದು ಆಮೇಲೆ ನನಗೆ ಹೇಳಿದ. “ಅಳಸಾಕ ಎಂಥ ಚೀಟಿ ಲೇ ಅಂದ್ರು.” ತನ್ನ ಹೆಸರಿನ ಮೇಲೆ ತಾನೇ ಬಣ್ಣ ಬಳಿದು ಬಂದ. ಹಳೆಯ ಬಣ್ಣ ಕೆರೆದು ತೆಗೆಯುವ ಅಭ್ಯಾಸ ಆತನಿಗೆ ಮೊದಲಿನಿಂದಲೂ ಇಲ್ಲ, ಇದ್ದದ್ದರ ಮೇಲೆಯೇ ಬಳಿಯುವುದು.

ಚೀಟಿಗಳು ಸಿಕ್ಕರೆ ಪಟ್ಟಿಗೆ ಮತ್ತೆ ಸೇರಬಹುದಿತ್ತು. ಅವನ್ನು ವಾಪಸು ಕೇಳಿ ಅರ್ಜಿ ಹಾಕುವುದು ನನ್ನ ಕೆಲಸ, ನಾನೇ ಒಪ್ಪಿಕೊಂಡದ್ದು. “ಮುಂದಿನ ಸೋಮವಾರ ಹಾಕ್ತೀನ್ರಿ,” ಎಂದೆ. ಪರೀಕ್ಷೆ ಬಂತು. ಮುಂದಿನ ಸೋಮವಾರ ಎಂದೆ. ಜನಗಣತಿಯೋ ಚುನಾವಣೆಯೋ, ಶಿಕ್ಷಕರನ್ನು ಹಾಕುವ ಯಾವುದೋ ಒಂದು ಕೆಲಸ ಬಂತು. ಅದೂ ಅನಿವಾರ್ಯ ಕಾರಣವೇ, ಬೇಕಾದರೆ ದಾಖಲೆ ತೋರಿಸುತ್ತೇನೆ. ಆತ ಫೋನ್ ಮಾಡುವುದು ಕಡಿಮೆಯಾಯಿತು. ನಾನು ಎತ್ತುವುದು ಅದಕ್ಕಿಂತ ಮೊದಲೇ ಕಡಿಮೆಯಾಗಿತ್ತು. ಕೌಲ್ ಬಜಾರಿನಲ್ಲಿ ಹಾದುಹೋಗಬೇಕಾದಾಗ ಆಟೊದವನಿಗೆ ಇನ್ನೊಂದು ದಾರಿ ಹೇಳತೊಡಗಿದೆ. ಹೀಗೆ ಎರಡು ವರ್ಷ. ನಿಲ್ದಾಣದ ವಿಳಂಬದ ಬಗ್ಗೆ ಮಾತ್ರ ಸ್ಟಾಫ್ ರೂಮಿನಲ್ಲಿ ನನ್ನಷ್ಟು ಚೆನ್ನಾಗಿ ಮಾತಾಡುವವರು ಇರಲಿಲ್ಲ.

ಸರಿ, ಬೆಂಚಿಗೆ ಬನ್ನಿ. ನಾನಿನ್ನೂ ಅಂಟಿಕೊಂಡೇ ಇದ್ದೇನೆ.

ಎದುರಿನ ಗೋಡೆಯಲ್ಲಿ ಹೊಳೆಯುವ ಕರಿಕಲ್ಲು, ಅದರ ತುಂಬ ಬಂಗಾರದ ಅಕ್ಷರದಲ್ಲಿ ಉದ್ಘಾಟನೆಗೆ ಬಂದವರ ಹೆಸರು. ಬಾರದವರದೂ ಇವೆ. ಏಳು ವರ್ಷ ಒಂದು ಹೆಸರಿಗೂ ಗತಿಯಿಲ್ಲದ ಜಾಗದಲ್ಲಿ ಈಗ ಹೆಸರುಗಳಿಗೆ ಕಲ್ಲು ಸಾಲದು. ಹಳೆಯ ನೀಲಿ ಫಲಕವನ್ನು ಕಿತ್ತವರಿಗೆ ಸಾಗಿಸಲು ನೆನಪಾಗಿಲ್ಲ, ಹೆಂಗಸರ ಶೌಚಾಲಯದ ಪಕ್ಕಕ್ಕೆ ವಾಲಿಸಿ ಇಟ್ಟಿದ್ದಾರೆ. ಹನುಮಕ್ಕ ಅದರ ಮುಂದೆಯೇ ನಿಂತು ಬಯ್ಯುತ್ತಿದ್ದಳು.

“ಇಷ್ಟು ದೊಡ್ಡ ಮಹಲ್ ಕಟ್ಟಿ ಇದಕ್ಕ ಬೀಗ ಜಡ್ದಾರಲ್ಲ, ಇವ್ರ ಮನ್ಯಾಗ ಹೆಣ್ಮಕ್ಳು ಇಲ್ಲೇನು?” ಬಯ್ಯುತ್ತಲೇ ಫಲಕ ನೋಡಿ ಫೋನ್ ಒತ್ತತೊಡಗಿದಳು. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತವೆ.

ಆಗ ನಾನು ಫಲಕವನ್ನು ನೋಡಿದೆ. ಬಳ್ಳಾರಿಯ ಎರಡು ಬೇಸಿಗೆ ಅದರ ಮೇಲಿನ ಬಣ್ಣವನ್ನು ಹಪ್ಪಳದಂತೆ ಎಬ್ಬಿಸಿತ್ತು. ಹಳೆಯ ದಿನಾಂಕಗಳೆಲ್ಲ ಒಂದರ ಕೆಳಗಿಂದ ಇನ್ನೊಂದು ಇಣುಕುತ್ತಿದ್ದವು. ಮೂಲೆಯಲ್ಲಿ ಹಳದಿ ಅಕ್ಷರ: ‘ಲಿಂಗು ಆ’ ಎಂಬಷ್ಟು, ಕೆಳಗೆ ನಂಬರು ಪೂರ್ತಿ. ತನ್ನ ಹೆಸರಿನ ಮೇಲೆ ಬೇಕೆಂತಲೇ ಬಣ್ಣ ತೆಳುವಾಗಿ ಬಳಿದಿದ್ದನೇ, ಡಬ್ಬಿಯಲ್ಲಿ ಉಳಿದದ್ದೇ ಅಷ್ಟೋ? ಮೊದಲಿನದು ನನಗೆ ಇಷ್ಟ. ಇಷ್ಟವಾದದ್ದನ್ನು ನಿಜ ಎಂದು ಹೇಳಿ ಒಮ್ಮೆ ಕೆಟ್ಟಿದ್ದೇನೆ.

“ಅಣ್ಣಾ, ಬಸ್‌ಸ್ಟ್ಯಾಂಡಿನ ಲೆಟ್ರಿನ್ ಯಾವಾಗ ತೆಗೀತಾರ?” ಹನುಮಕ್ಕನ ಫೋನಿನ ಸ್ಪೀಕರಿಗೆ ಇಡೀ ನಿಲ್ದಾಣ ಕಿವಿಕೊಡಬಹುದಿತ್ತು.

“ನನ್ನ ನಂಬರ್ ಎಲ್ಲಿ ಸಿಕ್ತು ಬೇ?”

“ಬೋರ್ಡಿನ ಮ್ಯಾಲ ಐತಲ್ಲ.”

“ಕಾಣ್ತೈತೇನು?”

“ಕಣ್ಣು ಚುಚ್ಚಂಗ ಕಾಣ್ತೈತಿ.”

ಲಿಂಗಪ್ಪ ನಕ್ಕದ್ದು ಕೇಳಿಸಿತು. “ಆತು. ಸಂಜಿಗೆ ಬಂದು ಕೀಲಿ ಯಾರ ಹತ್ರ ಐತಿ ನೋಡಿ ಹೇಳ್ತೀನಿ. ನಾಳಿ ಫೋನ್ ಮಾಡು.”

“ಇಲ್ಲೇ ಕುರುಗೋಡು ಸಾಲಿ ಅಕ್ಕೋರೂ ಅದಾರ, ಬೆಂಚಿಗೆ ಹತ್ಕೊಂಡಾರ, ಅವ್ರಿಗೂ ಹೇಳು,” ಎಂದು ಫೋನನ್ನು ನನ್ನ ಕೈಗೆ ತುರುಕಿದಳು.

“ಲಿಂಗಪ್ಪಾರ, ನಾನ್ರಿ.”

“ಅಕ್ಕೋರ! ಆರಾಮ ಅದೀರಿ? ಆ ಚೀಟಿ ಬಂದ್ವೇನ್ರಿ?”

ದನಿಯಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಿಟ್ಟಾಗಬಹುದಿತ್ತು. ಇರಲಿಲ್ಲ. ಟ್ರ್ಯಾಕ್ಟರ್ ನಂಬರ್ ಪ್ಲೇಟು ಬರೆದುಕೊಂಡಿದ್ದೇನೆ, ನಡೀತೈತಿ ಎಂದ. ‘ಮುಂದಿನ ಸೋಮವಾರ’ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಇನ್ನೂ ಅರ್ಜಿನ ಹಾಕಿಲ್ರಿ,” ಎಂದೆ. “ತಪ್ಪು ನಂದು.”

“ಹೌದೇನ್ರಿ,” ಎಂದ. ಮತ್ತೆ, ಗಿರಾಕಿಯನ್ನು ಕೇಳುವ ದನಿಯಲ್ಲೇ, “ಹಂಗಾದ್ರ ನಾ ಯಾವ ತಾರೀಖು ಬರ್ಕೊಳ್ಳಲಿ?”

“ನೀವು ಬರ್ಕೋಬ್ಯಾಡ್ರಿ. ನಾನ ಬರ್ದು ತರ್ತೀನಿ.”

ಎದ್ದೆ. ಬೆಂಚು ಚರ್ ಎಂದು ಬಿಟ್ಟುಕೊಟ್ಟಿತು. ಅಷ್ಟರಲ್ಲೇ ಕುರುಗೋಡು ಬಸ್ಸು ಬಂತು, ಆರಾಮಾಗಿ ತಿರುಗಿತು, ನಾನಿಲ್ಲದೆ ಹೋಯಿತು. ಶಾಲೆಗೆ ಫೋನ್ ಮಾಡಿ ಅರ್ಧ ದಿನದ ರಜೆ ಹೇಳಿದೆ. ಕಾರಣ ಕೇಳಿದರು. ಅನಿವಾರ್ಯ ಎನ್ನಲು ಹೋಗಿ ತಡೆದುಕೊಂಡು, ಎರಡು ವರ್ಷದ ಹಿಂದಿನ ಕೆಲಸವೊಂದು ಬಾಕಿ ಇದೆ ಎಂದೆ.

ಪಾಠಟಿಪ್ಪಣಿಯ ಪುಸ್ತಕದಿಂದ ಒಂದು ಹಾಳೆ ಹರಿದು, ಸಿರಿಗೇರಿ ಬಸ್ಸಿಗೆ ಇನ್ನೂ ಕಾಯುತ್ತಿದ್ದ ಹನುಮಕ್ಕನ ಬುಟ್ಟಿ ಬೋರಲು ಹಾಕಿ ಅದರ ಮೇಲಿಟ್ಟು ಬರೆದೆ. ಮ್ಯಾಟರ್: ಗಾದಿಲಿಂಗಪ್ಪನವರ ಚೀಟಿಗಳನ್ನು ನನ್ನ ಮಾತಿನ ಮೇಲೆ ಕೊಡಲಾಗಿದೆ, ಅವನ್ನು ವಾಪಸು ಕೇಳಿ ಅರ್ಜಿ ಹಾಕುವುದು, ಅವು ಕಳೆದಿದ್ದರೆ ನಾನು ಕಣ್ಣಾರೆ ಕಂಡದ್ದನ್ನು ಬರೆದು ಕೊಡುವುದು. ಫ್ಯಾನು ತಿರುಗುತ್ತಿತ್ತು ಎಂಬುದನ್ನೂ ಬರೆದೆ. ದಿನಾಂಕದ ಮುಂದೆ ಎರಡು ಚುಕ್ಕಿ ಇಟ್ಟೆ. ಕೈ ನಿಂತಿತು. ಚುಕ್ಕಿಗಳ ಮುಂದಿನ ಆ ಖಾಲಿ ಜಾಗ ಎಷ್ಟು ಹಾಯಾಗಿರುತ್ತದೆ ಎಂದು ಮೊದಲ ಸಲ ತಿಳಿಯಿತು. ಏಳು ವರ್ಷ ಅವರು ಯಾಕೆ ಅಲ್ಲೇ ಉಳಿದರೆಂದೂ ತಿಳಿಯಿತು.

ಅವತ್ತಿನ ದಿನಾಂಕವನ್ನೇ ಬರೆದೆ. ಕೆಳಗಿನ ಮೂಲೆಯಲ್ಲಿ ನನ್ನ ಹೆಸರು, ಅದರ ಕೆಳಗೆ ಫೋನ್ ನಂಬರು.

“ಹಿಂದ ಪಟ್ಟಿ ಕಾಣ್ತಾವ್ರಿ ಅಕ್ಕೋರ,” ಎಂದು ಕೂಗಿದಳು ಹನುಮಕ್ಕ.

ಕಾಣಲಿ ಎಂದು ಕೌಲ್ ಬಜಾರಿನ ಆಟೊ ಹತ್ತಿದೆ. ಆಟೊದವನು ಯಾವ ದಾರಿ ಎಂದು ಕೇಳಿದ. ನೇರ ದಾರಿ ಎಂದೆ.